ಬಾಲ ಕಾಣದ ರೈಲು

ಹಣೆಯ ಮೇಲೆ ಇರಬೇಕಾದದ್ದು ಬೆನ್ನಿನ ಮೇಲಿದೆ. ಹೊತ್ತವನಿಗೆ ಅದು ಕಾಣುವುದಿಲ್ಲ. ಅದು ಕಾಣುವವರೆಗೆ ಬಂದದ್ದೂ ಬಂದ ಹಾಗಲ್ಲ. ಏನದು?

ಯೋಚನೆ ಮಾಡಿ ಸುಸ್ತಾಗಬೇಡಿ, ನಿಮಗೆ ಬರಲ್ಲ. ನಾನು ಒಂದು ವರ್ಷ ದಿನಾ ಅದರ ಎದುರಿಗೇ ಕೂತಿದ್ದೆ, ನನಗೇ ಬಂದಿರಲಿಲ್ಲ.

ನಮ್ಮ ಹೊಳೆಯ ದಂಡೆಯಲ್ಲಿ ಒಂದು ಬೇವಿನ ಮರ. ಮರದ ಬುಡಕ್ಕೆ ಒಂದು ಕಟ್ಟೆ. ಕಟ್ಟೆಯ ಮೇಲೆ ಕೂತರೆ ಕಬ್ಬಿಣದ ರೈಲು ಸೇತುವೆ ಈ ತುದಿಯಿಂದ ಆ ತುದಿಯವರೆಗೆ ಕಾಣುತ್ತದೆ.

ಅಲ್ಲಿ ಕೂಡುವವರು ದಾವಲಜ್ಜಾರು. ರೈಲ್ವೆಯಲ್ಲಿ ಮೂವತ್ತೈದು ವರ್ಷ ಕೀಮ್ಯಾನ್ ಆಗಿದ್ದವರು. ಅಂದರೆ ದಿನಾ ಬೆಳಿಗ್ಗೆ ಸುತ್ತಿಗೆ ಹೆಗಲಿಗಿಟ್ಟು ಹಳಿಯ ಗುಂಟ ನಡೆದು, ಸಡಿಲಾದದ್ದನ್ನೆಲ್ಲ ಬಡಿದು ಬಿಗಿ ಮಾಡುವ ಕೆಲಸ. ನಿವೃತ್ತಿಯಾದ ಮೇಲೆ ಸುತ್ತಿಗೆ ಬಿಟ್ಟರು, ರೈಲು ಬಿಡಲಿಲ್ಲ.

ಬೇರೆ ಅಜ್ಜಾರ ಹತ್ತಿರ ಮಂದಿ ಮೋಕ್ಷ ಕೇಳಲು ಹೋಗುತ್ತಾರೆ. ನಮ್ಮ ಅಜ್ಜಾರ ಹತ್ತಿರ ಇಂಜಿನ್ ನಂಬರ್ ಹೇಳಲು ಬರುತ್ತಾರೆ. ಪ್ರಸಾದ, ಮಂಡಕ್ಕಿ.

ಖಾಯಂ ಶಿಷ್ಯರು ಇಬ್ಬರು. ಒಬ್ಬ ಬ್ಯಾಟರಿ ಅಂಗಡಿಯ ಕೊಟ್ರೇಶಣ್ಣ, ರೈಲಿನ ಕೂಗು ಕೇಳಿದರೆ ಗಿರಾಕಿಯನ್ನು ಅಂಗಡಿಯಲ್ಲೇ ಬಿಟ್ಟು ಓಡಿ ಬರುವವನು. ಇನ್ನೊಬ್ಬರು ಸಾಲಿಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ವತ್ಸಲಾ ಅಕ್ಕೋರು, ಪ್ಯಾಸೆಂಜರ್ ಗಾಡಿ ಬಿಟ್ಟರೆ ಬೇರೆ ಚಿತ್ರ ತೆಗೆಯದವರು.

ಮೂರನೆಯವನು ನಾನು, ಯಮನೂರಿ. ಹತ್ತನೇ ಕ್ಲಾಸಿನ ಗಣಿತ ನನ್ನನ್ನು ಎರಡು ಸಲ ಫೇಲ್ ಮಾಡಿದೆ. ನಾನು ಅದನ್ನು ಕ್ಷಮಿಸಿದ್ದೇನೆ.

ಕಟ್ಟೆಗೆ ಒಂದು ಪುಸ್ತಕವಿತ್ತು. ಸೇತುವೆ ದಾಟಿದ ರೈಲನ್ನೆಲ್ಲ ಅದರಲ್ಲಿ ಬರೆಯುತ್ತಿದ್ದರು. ಆದರೆ ಅಜ್ಜಾರು ಕೈಯಾರೆ ಪೆನ್ಸಿಲ್ ಕೊಟ್ಟವರು ಮಾತ್ರ ಬರೆಯಬೇಕು. ಕೊಟ್ರೇಶಣ್ಣನ ಕಿವಿಗೆ ಒಂದು ಪೆನ್ಸಿಲ್, ಅಕ್ಕೋರ ತುರುಬಿಗೆ ಒಂದು. ನನ್ನ ಕಿವಿ ಖಾಲಿ.

ಆ ಪೆನ್ಸಿಲ್ಲಿಗಾಗಿ ನಾನು ಒಂದು ವರ್ಷ ನೀರು ತಂದೆ, ಕಟ್ಟೆ ಗುಡಿಸಿದೆ, ಮಂಡಕ್ಕಿಗೆ ಉಳ್ಳಾಗಡ್ಡಿ ಹೆಚ್ಚುತ್ತ ಅತ್ತೆ.

ಒಂದು ದಿನ ಕೇಳಿಯೇಬಿಟ್ಟೆ.

“ಅಜ್ಜಾರ, ನನಗ ಪೆನ್ಸಿಲ್ ಯಾವಾಗ ಕೊಡ್ತೀರಿ?”

“ರೈಲು ನೋಡಿದ ದಿನ.”

“ದಿನಾ ನೋಡ್ತೀನಲ್ರಿ.”

ಅಜ್ಜಾರು ನನ್ನ ಕೈಗೆ ಇನ್ನೊಂದು ಉಳ್ಳಾಗಡ್ಡಿ ಕೊಟ್ಟರು.

ದಿಲ್ಲಿಯಲ್ಲಿ ಬಜೆಟ್ ಓದಿದ ದಿನ ಕಟ್ಟೆಯ ಮೇಲೆ ಜಗಳ ಹತ್ತಿತು. ರೈಲ್ವೆಯ ರೊಕ್ಕ ಎಲ್ಲಿ ಹಾಕಬೇಕು ಅಂತ.

ಕೊಟ್ರೇಶಣ್ಣನದು ಒಂದೇ ಮಾತು. ಚೂಪು ಮೂತಿಯ ಬಿಳಿ ರೈಲು ನಮ್ಮ ಸೇತುವೆಗೂ ಬರಬೇಕು, ಹಳಿ ಗಟ್ಟಿ ಮಾಡಿ ವೇಗ ಹೆಚ್ಚಿಸಬೇಕು, ಜಗತ್ತು ಎಲ್ಲಿಗೋ ಹೋಗಿದೆ. ಅಕ್ಕೋರು, ಜಗತ್ತು ಎಲ್ಲಿಗೆ ಬೇಕಾದರೂ ಹೋಗಲಿ, ಅದಕ್ಕೆ ದಾರಿಯಲ್ಲಿ ಕುಡಿಯಲು ಒಂದು ನಳ ಬೇಕು, ಪ್ಯಾಸೆಂಜರಿಗೆ ನಾಲ್ಕು ಡಬ್ಬಿ ಹೆಚ್ಚಿಗೆ ಬೇಕು ಅಂದರು.

ಪ್ಯಾಸೆಂಜರನ್ನು ಆಕಳು ಕೂಡ ಹಿಂದೆ ಹಾಕುತ್ತದೆ ಅಂದ ಕೊಟ್ರೇಶಣ್ಣ. ಆಕಳಿಗಿರುವ ಸಮಾಧಾನ ನಿನಗಿಲ್ಲ ಅಂದರು ಅಕ್ಕೋರು.

ನಾನು, ಇದ್ದಬದ್ದ ಸೀಟನ್ನೆಲ್ಲ ಕಿಟಕಿ ಸೀಟು ಮಾಡಬೇಕು ಅಂದೆ. ಇಬ್ಬರೂ ಒಂದಾಗಿ ನನ್ನನ್ನು ಬೈದರು. ಕಟ್ಟೆಯಲ್ಲಿ ಒಗ್ಗಟ್ಟು ತರುವುದು ಹೀಗೆ.

ಅಷ್ಟರಲ್ಲಿ ಸಂಜೆಯ ಪ್ಯಾಸೆಂಜರ್ ಸೇತುವೆಗೆ ಬಂತು. ಇಬ್ಬರೂ ಪುಸ್ತಕಕ್ಕೆ ಬಗ್ಗಿ ಇಂಜಿನ್ ನಂಬರ್ ಬರೆದರು. ನಂಬರ್ ಸರಿಯಿದೆಯಾ ಅಂತ ನಾನೂ ಬಗ್ಗಿದೆ. ರೈಲು ದಾಟಿ ಹೋಯಿತು.

ಅಜ್ಜಾರು ಕೇಳಿದರು, “ಕಡೀ ಡಬ್ಬಿ ಬಾಗಿಲಿಗೆ ಎಷ್ಟು ಮಂದಿ ಜೋತಾಡಾಕತ್ತಿದ್ರು?”

ಯಾರೂ ನೋಡಿರಲಿಲ್ಲ.

“ಹಂಗಾರ ರೊಕ್ಕ ಎಲ್ಲಿ ಹಾಕಬೇಕಂತ ಇವತ್ತ ಯಾಕ ಹೇಳ್ತೀರಿ? ನೋಡಿದ ಮ್ಯಾಲ ಹೇಳ್ರಿ.”

ಮರುದಿನ ಕೊಟ್ರೇಶಣ್ಣ ಬಸುರಿ ಅಕ್ಕನ ಮಗಳ ಕುಬಸದ ಊಟಕ್ಕೆ ಹೋದ. ಹೊಸ ಅಂಗಿಗೆ ಪೆನ್ಸಿಲ್ ಒಪ್ಪುವುದಿಲ್ಲ ಅಂತ ಅದನ್ನು ಪುಸ್ತಕದ ಮೇಲೆ ಬಿಟ್ಟು ಹೋಗಿದ್ದ. ಅಕ್ಕೋರು ಬಂದಿರಲಿಲ್ಲ. ಅಜ್ಜಾರು ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದರು.

ಪೆನ್ಸಿಲ್ ನನ್ನನ್ನು ನೋಡಿತು. ನಾನು ಪೆನ್ಸಿಲನ್ನು ನೋಡಿದೆ.

ಬರೆದೆ: “ಮಧ್ಯಾಹ್ನ ಮೂರು ಗಂಟೆ. ಕರೀ ಉಗಿ ಇಂಜಿನ್, ಹಿಂದೆ ಎರಡು ಹಸಿರು ಡಬ್ಬಿ. ಹೊಗೆಗೆ ಬೇವಿನ ಎಲೆ ಕಪ್ಪಾದವು.”

ಕಾಗುಣಿತ ತಪ್ಪದಂತೆ ಬರೆದೆ. ಸುಳ್ಳಾದರೂ ಚೊಕ್ಕ ಇರಬೇಕು.

ನಮ್ಮ ಸೇತುವೆಯ ಮೇಲೆ ಉಗಿ ಇಂಜಿನ್ ಓಡಾಡಿದ್ದು ನಾನು ಹುಟ್ಟುವುದಕ್ಕಿಂತ ಹಿಂದಿನ ಮಾತು. ಕೊಟ್ರೇಶಣ್ಣ ಓದಿ ಹೌಹಾರುತ್ತಾನೆ, ಆಮೇಲೆ ನಗುತ್ತಾನೆ, ಆಮೇಲೆ ನನ್ನ ಬೆನ್ನಿಗೆ ಎರಡು ಗುದ್ದುತ್ತಾನೆ ಅಂತ ನನ್ನ ಲೆಕ್ಕ. ನನ್ನ ಲೆಕ್ಕದ ಬಗ್ಗೆ ಆಗಲೇ ಹೇಳಿದ್ದೇನೆ.

ಸಂಜೆ ಕೊಟ್ರೇಶಣ್ಣ ಬಂದು ಓದಿದ. ಓದಿ ನೆಲಕ್ಕೆ ಕೂತುಬಿಟ್ಟ.

ಸಣ್ಣವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಅದನ್ನು ನೋಡಿದ್ದನಂತೆ. ಇನ್ನೊಮ್ಮೆ ನೋಡಬೇಕು ಅಂತ ಅವತ್ತಿನಿಂದ ಕಾದಿದ್ದನಂತೆ. ಹೋಳಿಗೆ ಆಸೆಗೆ ಹೋಗಿ ಕಳೆದುಕೊಂಡೆನಲ್ಲ ಅಂತ ಹಣೆ ಬಡಿದುಕೊಂಡ. ಅಜ್ಜಾರನ್ನು ಕೇಳಿದ. ನಾನು ಮಲಗಿದ್ದೆ ಅಂದರು ಅಜ್ಜಾರು. ನನ್ನನ್ನು ಕೇಳಿದ.

ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಹೊಗೆ ಹೇಗಿತ್ತು ಅಂತ ಅವನು ಕೇಳಿದ, ನಾನು ಕೈ ಎತ್ತಿ ತೋರಿಸಿದೆ. ಕೂಗು ಹೇಗಿತ್ತು ಅಂದ, ಕೂಗಿ ತೋರಿಸಿದೆ. ಕೂಗಿದ ಮೇಲೆ ಹಿಂದಕ್ಕೆ ಬರುವುದು ಕಷ್ಟ.

ಹೋದದ್ದು ತಿರುಗಿ ಇದೇ ದಾರಿಯಲ್ಲಿ ಬರಲೇಬೇಕು ಅಂತ ಮರುದಿನ ಅವನು ಅಂಗಡಿಯನ್ನೇ ತೆಗೆಯಲಿಲ್ಲ. ಅಕ್ಕೋರು ಅದರ ಚಿತ್ರ ತೆಗೆಯಲು ಕಪ್ಪು ಬಣ್ಣದ ಡಬ್ಬಿ ಹಿಡಿದು ಬಂದರು. ನಾನು ಮಂಡಕ್ಕಿಯ ಬುಟ್ಟಿಯ ಹಿಂದೆ ಕೂತೆ. ಅವತ್ತು ಅಳಲು ಉಳ್ಳಾಗಡ್ಡಿ ಬೇಕಾಗಿರಲಿಲ್ಲ.

ಮಧ್ಯಾಹ್ನ ಅಜ್ಜಾರು ನನ್ನನ್ನು ಹತ್ತಿರ ಕರೆದರು.

“ಕಡೀ ಡಬ್ಬಿ ಬೆನ್ನಮ್ಯಾಲ ಏನಿತ್ತಲೇ?”

“ಹೂವಿನ ಹಾರ ಇತ್ರಿ.”

ಅಜ್ಜಾರು ಪುಸ್ತಕ ಮುಚ್ಚಿದರು. ದಾರ ಸುತ್ತಿ ಗಂಟು ಹಾಕಿದರು.

“ಹಂಗಾರ ಆ ರೈಲು ಇನ್ನೂ ದಾಟಿಲ್ಲ. ಲೈನ್ ಕ್ಲಿಯರ್ ಇಲ್ಲ.”

ನನಗೆ ತಿಳಿಯಲಿಲ್ಲ. ಅಕ್ಕೋರು ತಿಳಿಸಿ ಹೇಳಿದರು. ಪ್ರತಿ ರೈಲಿನ ಕೊನೆಯ ಡಬ್ಬಿಯ ಬೆನ್ನಿಗೆ ಹಳದಿ ಬಣ್ಣದ ದೊಡ್ಡ ಗುಣಾಕಾರ ಚಿಹ್ನೆ ಬರೆದಿರುತ್ತದೆ. ಇಂಜಿನ್ ಬಂತು ಅಂದರೆ ರೈಲು ಬಂತು ಅಂತಲ್ಲ. ನಡುವೆ ಕೊಂಡಿ ಕಳಚಿ ಎರಡು ಡಬ್ಬಿ ಹಿಂದೆಯೇ ಉಳಿದಿರಬಹುದು. ಆದ್ದರಿಂದ ಸ್ಟೇಷನ್ನಿನವರು ಬಾಲದ ಆ ಗುರುತು ಕಣ್ಣಾರೆ ಕಂಡ ಮೇಲೆಯೇ ಹಿಂದೆ ಬರುವ ರೈಲಿಗೆ ದಾರಿ ಬಿಡುವುದು. ಅದೇ ಲೈನ್ ಕ್ಲಿಯರ್.

ನಿಮ್ಮ ಒಗಟಿನ ಉತ್ತರವೂ ಅದೇ. ಗುಣಾಕಾರ ಚಿಹ್ನೆ. ಗಣಿತ ನನ್ನನ್ನು ಹುಡುಕಿಕೊಂಡು ಹೊಳೆದಂಡೆಗೂ ಬಂದಿತ್ತು.

ಉಗಿಬಂಡಿಯ ಬಾಲ ಕಾಣುವವರೆಗೆ ಅದರ ಹಿಂದಿನ ಯಾವ ರೈಲನ್ನೂ ಪುಸ್ತಕಕ್ಕೆ ಬಿಡುವ ಹಾಗಿಲ್ಲ ಅಂದರು ಅಜ್ಜಾರು.

ಮೂರು ದಿನ ರೈಲುಗಳು ಬಂದವು, ಹೋದವು. ಪುಸ್ತಕದ ಗಂಟು ಬಿಚ್ಚಲಿಲ್ಲ.

ನಾಲ್ಕನೇ ದಿನ ಸೇತುವೆಯ ಆ ತುದಿಯಲ್ಲಿ ಹೊಸ ಕೂಗು ಕೇಳಿಸಿತು. ಚೂಪು ಮೂತಿಯ ಬಿಳಿ ರೈಲು, ತೊಳೆದಿಟ್ಟ ಮೂಲಂಗಿಯ ಹಾಗೆ. ಪರೀಕ್ಷೆಗೆ ಅಂತ ಮೊದಲ ಸಲ ಓಡಿಸಿ ನೋಡುತ್ತಿದ್ದರು. ಕೊಟ್ರೇಶಣ್ಣ ಎರಡು ವರ್ಷದಿಂದ ಬಜೆಟ್ಟಿಗೊಮ್ಮೆ ಬೇಡಿಕೊಂಡ ರೈಲು.

ಅವನ ಕೈ ಕಿವಿಗೆ ಹೋಯಿತು. ಪೆನ್ಸಿಲ್ ಬಂತು. ಕಣ್ಣು ಪುಸ್ತಕಕ್ಕೆ ಹೋಯಿತು, ಗಂಟಿಗೆ ಹೋಯಿತು, ಅಜ್ಜಾರ ಮುಖಕ್ಕೆ ಹೋಯಿತು.

ಅಜ್ಜಾರು ತಲೆ ಅಲ್ಲಾಡಿಸಿದರು.

ಬರೆಯಲು ಏನೂ ಇಲ್ಲದ್ದಕ್ಕೆ ಕೊಟ್ರೇಶಣ್ಣ ಸುಮ್ಮನೆ ನಿಂತು ನೋಡಿದ. ಮೂತಿಯಿಂದ ಹಿಡಿದು ಕೊನೆಯ ಡಬ್ಬಿ ಮರೆಯಾಗುವವರೆಗೂ ನೋಡಿದ. ಆಮೇಲೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ.

ನನ್ನ ಸಪ್ಪೆ ಮುಖ ನೋಡಿ ಅವನೇ ಸಮಾಧಾನ ಹೇಳಿದ.

“ಇರಲಿ ಬಿಡೋ ಯಮನೂರಿ. ನಿನ್ನ ಇಂಜಿನ್ ಮೊದಲ ಬಂದೈತಿ. ಅದರ ಪಾಳಿ ಮೊದಲ.”

ಬೆನ್ನಿಗೆ ನಾಲ್ಕು ಗುದ್ದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ನನಗೆ ನಿದ್ದೆ ಬಂತು, ನಾನು ನಿದ್ದೆಗೆ ಹೋಗಲಿಲ್ಲ. ಹೇಳಿದರೆ ಪೆನ್ಸಿಲ್ ಈ ಜನ್ಮಕ್ಕೆ ಸಿಗಲ್ಲ, ಕಟ್ಟೆಯೂ ಹೋಗುತ್ತದೆ. ಹೇಳದಿದ್ದರೆ ಕೊಟ್ರೇಶಣ್ಣನ ಬಿಳಿ ರೈಲು ಎಂದೆಂದಿಗೂ ಪುಸ್ತಕದ ಹೊರಗೆ.

ಬೆಳಿಗ್ಗೆ ಅಕ್ಕೋರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ನನ್ನ ಕಿವಿಯನ್ನು ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ತಿರುವಿದರು. ಈಗ ಏನು ಮಾಡುತ್ತೀಯ ಅಂತ ಕೇಳಿದರು. ಅದನ್ನೂ ಹೇಳಿದೆ. ಅಕ್ಕೋರು ನಕ್ಕು ನಕ್ಕು ಕಿವಿ ಹಿಡಿದಿದ್ದನ್ನೇ ಮರೆತರು. ಹಳದಿ ಬಣ್ಣ ತಂದು, ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

ನಾಲ್ಕು ಗಂಟೆಗೆ ದಂಡೆಯ ಮೇಲುಗಡೆಯಿಂದ ಒಂದು ಉಗಿ ಇಂಜಿನ್ ಹೊರಟಿತು. ಮುಖಕ್ಕೆ ಹಂಚಿನ ಮಸಿ. ಎರಡೂ ಮೊಣಕೈ ಗಾಲಿಯ ಹಾಗೆ ತಿರುಗುತ್ತಿದ್ದವು. ಬಾಯಲ್ಲಿ ಚುಕ್ ಬುಕ್. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳು ಬಟ್ಟೆ ಬಿಟ್ಟು ಎದ್ದು ನಿಂತರು.

ಕಟ್ಟೆಯ ಮುಂದೆ ಇಂಜಿನ್ ನಿಧಾನವಾಯಿತು.

“ಕೊಟ್ರೇಶಣ್ಣ, ಅವತ್ತ ಬಂದಿದ್ದ ಉಗಿ ಇಂಜಿನ್ ನಾನ. ಬ್ಯಾರೆ ಯಾವುದೂ ಬಂದಿದ್ದಿಲ್ಲ. ತಪ್ಪಾತು.”

ನಾನು ನಿಲ್ಲಲಿಲ್ಲ. ನಿಂತರೆ ಬಾಲ ಹೇಗೆ ಕಾಣಬೇಕು? ಕಟ್ಟೆ ದಾಟಿ ಓಡಿದೆ. ಬೆನ್ನ ಮೇಲೆ, ಬಿಳಿ ಅಂಗಿಗೆ, ಈ ಹೆಗಲಿನಿಂದ ಆ ಸೊಂಟಕ್ಕೆ ಹಳದಿ ಗುಣಾಕಾರ ಚಿಹ್ನೆ.

ಆಗ ದಾವಲಜ್ಜಾರು ಕಟ್ಟೆಯ ಮೇಲೆ ಎದ್ದು ನಿಂತರು. ಹಸಿರು ಟವೆಲ್ ಬೀಸಿದರು. ಹೊಳೆಯ ಆಚೆ ದಂಡೆಗೂ ಕೇಳುವ ಹಾಗೆ ಹೇಳಿದರು: “ಮೂತಿ ಸುಳ್ಳಿದ್ರೂ ಬಾಲ ಖರೇ ಇದ್ರ ಆ ಗಾಡಿ ಊರು ಮುಟ್ಟತೈತಿ.” ಕೊಟ್ರೇಶಣ್ಣ ಕಣ್ಣೊರೆಸಿಕೊಂಡ. ಹೊಳೆಯ ಮೀನುಗಳೂ ಕೈ ಮುಗಿದವು.

ಮೀನಿಗೆ ಎಲ್ಲಿಯ ಕೈ ಅಂತ ನಿಮಗೆ ಅನುಮಾನ ಬಂದಿರಬೇಕು. ಸರಿ, ಒಪ್ಪಿದೆ. ಈ ಕೊನೆ ನಾನು ಕಟ್ಟಿದ್ದು. ಟವೆಲ್ಲೂ ನಂದೇ, ಮಾತೂ ನಂದೇ. ನನ್ನ ಬೆನ್ನ ಹಿಂದೆ ಏನಾಯಿತೋ ನನಗೆ ಗೊತ್ತಿಲ್ಲ. ಅಂಜಿಕೊಂಡು ಊರ ಅಗಸಿ ಬಾಗಿಲವರೆಗೂ ಓಡಿದ್ದೆ.

ಕಣ್ಣಾರೆ ಕಂಡದ್ದು ಇಷ್ಟು.

ಸಂಜೆ ಹೆದರುತ್ತ ತಿರುಗಿ ಬಂದಾಗ ಪುಸ್ತಕದ ಗಂಟು ಬಿಚ್ಚಿತ್ತು. ನನ್ನ ಉಗಿ ಇಂಜಿನ್ನಿನ ಕೆಳಗೆ ಕೊಟ್ರೇಶಣ್ಣನ ಅಕ್ಷರದಲ್ಲಿ, “ಪೂರಾ ದಾಟಿತು. ಬಾಲ ಕಂಡಿತು” ಅಂತಿತ್ತು. ಅದರ ಕೆಳಗೆ, “ಬಿಳಿ ರೈಲು. ಕಡೀ ಡಬ್ಬಿ ಖಾಲಿ.” ಅದರ ಕೆಳಗೆ, “ಇವತ್ತಿನ ಪ್ಯಾಸೆಂಜರ್. ಕಡೀ ಡಬ್ಬಿ ಬಾಗಿಲಿಗೆ ಒಂಬತ್ತು ಮಂದಿ.”

ಕೊಟ್ರೇಶಣ್ಣ ಆ ಕೊನೆಯ ಎರಡು ಸಾಲುಗಳನ್ನೇ ನೋಡುತ್ತ ಕೂತಿದ್ದ. ಅಕ್ಕೋರು ಮಂಡಕ್ಕಿ ಮುಂದೆ ಹಿಡಿದರು. ರೊಕ್ಕದ ಮಾತು ಇಬ್ಬರೂ ತೆಗೆಯಲಿಲ್ಲ.

ನನ್ನನ್ನು ಕಂಡು ಕೊಟ್ರೇಶಣ್ಣ ತಲೆಗೆ ಒಂದು ಮೊಟಕಿದ. ಆಮೇಲೆ, ಆ ಕೂಗು ನಮ್ಮಪ್ಪನ ಹೆಗಲ ಮೇಲೆ ಕೇಳಿದ ಹಾಗೇ ಇತ್ತು, ಇನ್ನೊಮ್ಮೆ ಕೂಗು ಅಂದ. ನಾನು ಕೂಗಿದೆ. ಇನ್ನೊಮ್ಮೆ ಅಂದ. ಕೂಗಿದೆ.

ನಾನು ದಿನಾ ಕೂಡುವ ಜಾಗದಲ್ಲಿ, ಉಳ್ಳಾಗಡ್ಡಿಯ ಪಕ್ಕ, ಒಂದು ಪೆನ್ಸಿಲ್ ಇತ್ತು.

ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಅಜ್ಜಾರ ಹತ್ತಿರ ಹೋದೆ.

“ಅಜ್ಜಾರ, ನಾ ದಾಟಿ ಓಡೂ ಮುಂದ ನೀವು ಏನಂದ್ರಿ?”

“ಏನೂ ಅಂದಿಲ್ಲಲೇ. ಬಾಲ ನೋಡಾಕತ್ತಿದ್ನಿ.”