ಊದದೆ ಉಳಿದ ಕೊಂಬು

ಯೆಹೂದಿಗಳ ಪ್ರಾರ್ಥನಾಮಂದಿರವೊಂದರಲ್ಲಿ ಹೊಸವರ್ಷದ ದಿನ ಊದುವ ಟಗರಿನ ಕೊಂಬೊಂದಿತ್ತು. ದೇವರ ಮುಂದೆ ಮನುಷ್ಯ ಬಾಗಬೇಕೆಂದು ಅವರು ಬಾಗಿದ ಕೊಂಬನ್ನೇ ಆರಿಸಿ ಊದುತ್ತಿದ್ದರು. ಅದನ್ನೇ ಹಿಡಿದುಕೊಂಡು ಕೊಂಬು ತಾನು ಮಲಗುವ ಬಟ್ಟೆಚೀಲಕ್ಕೆ ವರ್ಷವಿಡೀ ಹೇಳುತ್ತಿತ್ತು: "ನನ್ನಷ್ಟು ಬಾಗಿದವರು ಯಾರಿದ್ದಾರೆ? ದೇವರ ಚಿತ್ತವೇ ನನ್ನ ಚಿತ್ತ."

ಒಂದು ಸಲ ಹೊಸವರ್ಷ ಸಬ್ಬತ್ ದಿನವೇ ಬಂತು. ಸಬ್ಬತ್ ವಿಶ್ರಾಂತಿಯ ದಿನ. ಅಂದು ಕೊಂಬು ಊದುವಂತಿಲ್ಲ. ಪ್ರಾರ್ಥನೆ ಶುರುವಾಯಿತು, ಮುಗಿಯುತ್ತಲೂ ಬಂತು. ಚೀಲದ ಬಾಯಿ ಬಿಚ್ಚಲು ಯಾರೂ ಬರಲಿಲ್ಲ.

"ಇದೆಂಥ ಅನ್ಯಾಯ" ಎಂದು ಕೊಂಬು ಸಿಡುಕಿತು. "ನಾನು ಕೂಗದಿದ್ದರೆ ಇವರ ಮೊರೆ ದೇವರಿಗೆ ಮುಟ್ಟುವುದು ಹೇಗೆ?"

"ಇಂದು ಸುಮ್ಮನಿರು ಎಂಬುದೂ ಅವನ ಚಿತ್ತವೇ ಅಲ್ಲವೇ?" ಎಂದಿತು ಚೀಲ.

"ಇರಬಹುದು. ಆದರೆ ನನ್ನನ್ನು ಒಂದು ಮಾತು ಕೇಳಬಹುದಿತ್ತು."

ಹೇಳಿದ ಮೇಲೆ ಕೊಂಬಿಗೆ ತನ್ನ ಮಾತು ತನಗೇ ಕೇಳಿಸಿತು. ಅದು ನಕ್ಕಿತು.

"ಚೀಲವೇ, ಈ ಬಾಗು ಟಗರಿನ ತಲೆಯ ಮೇಲೆ ಬೆಳೆಯುವಾಗಲೇ ಬಂದದ್ದು, ನಾನು ಗಳಿಸಿದ್ದಲ್ಲ. ನಾನಾಗಿ ಬಾಗಬೇಕಾದದ್ದು ಇವತ್ತೊಂದು ದಿನ. ಇವತ್ತೇ ಸೆಟೆದುಕೊಂಡೆ."