ಟ್ಯಾಂಕಿನ ನೀರಿಗೆ ಮದ್ದು

ಊರಿಗೆ ನಲ್ಲಿ ನೀರು ಬಿಡುವ ನೀರುಗಂಟಿ ತಿಪ್ಪೇಶಿಯ ಕೆಲಸ ಹೋಗುವುದರಲ್ಲಿತ್ತು. ಅವನು ಒಂದು ವರ್ಷದಿಂದ ಟ್ಯಾಂಕಿಗೆ ಗಂಡಸರಿಗೆ ಮಕ್ಕಳಾಗದ ಮದ್ದು ಬೆರೆಸುತ್ತಿದ್ದಾನೆ ಅಂತ ಯಾರೋ ಪುಣ್ಯಾತ್ಮ ವಾಟ್ಸಾಪಿನಲ್ಲಿ ಬಿಟ್ಟಿದ್ದ.

ಪಂಚಾಯ್ತಿ ಅಧ್ಯಕ್ಷ ಚನ್ನವೀರಪ್ಪ, ಅರವತ್ತರ ಹತ್ತಿರದ ಆಸಾಮಿ, ಊರವರ ಮುಂದೆ ಮೊಬೈಲು ಎತ್ತಿ ಹಿಡಿದ.

"ವಿಡಿಯೋನೇ ಬಂದೈತೆ! ಇನ್ನೇನು ಸಾಕ್ಷಿ ಬೇಕಲೇ? ಇವತ್ತಿಂದ ನಿನ್ನ ಕೆಲಸ ಖಲಾಸ್!"

ಅರ್ಧ ಊರು ನಿಜ ಅಂದಿತು, ಅರ್ಧ ಊರು ಸುಳ್ಳು ಅಂದಿತು. ತಿಪ್ಪೇಶಿ ಮಾತ್ರ ಕೈಮುಗಿದ.

"ಮೊಬೈಲಿನಾಗೆ ಬಂದಮ್ಯಾಲೆ ನಿಜವೇ ಇರಬೇಕು ಅಧ್ಯಕ್ಷರೇ. ಒಂದು ಸಣ್ಣ ಅನುಮಾನ. ಮೊದಲ ನೀರು ನಿಮ್ಮನೆಗೇ ಬಿಡಬೇಕು ಅಂತ ನಿಮ್ಮದೇ ಅಪ್ಪಣೆ. ವರ್ಷದಿಂದ ಅದನ್ನೇ ಕುಡೀತಿದ್ದೀರಿ. ಮೊನ್ನೆ ಅಮ್ಮಾವ್ರಿಗೆ ಐದು ತಿಂಗಳು ಅಂತ ಊರಿಗೆಲ್ಲ ಪೇಡೆ ಹಂಚಿದಿರಿ. ಹಂಗಾದ್ರೆ..."

ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು. ಅಧ್ಯಕ್ಷನ ಪ್ರಾಯದ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಗುಂಪಿನಿಂದ ಮುಂದೆ ಬಂದಳು.

"ಏನ್ರೀ, ಆ ವಿಡಿಯೋ ನಿಜವೇನ್ರೀ?"

"ಸುಳ್ಳು ಕಣೇ! ಅಪ್ಪಟ ಸುಳ್ಳು!" ಎಂದು ಕಿರುಚಿದವನೇ ಅಧ್ಯಕ್ಷ ಓಡಿಹೋಗಿ, ಎಲ್ಲರ ಕಣ್ಣೆದುರು ಬೀದಿ ನಲ್ಲಿಗೆ ಬಾಯಿಟ್ಟು ಗಟಗಟ ಕುಡಿಯತೊಡಗಿದ.

ತಿಪ್ಪೇಶಿ ಮೆಲ್ಲಗೆ ನಲ್ಲಿ ತಿರುಗಿಸಿ ನಿಲ್ಲಿಸಿದ.

"ಸಾಕು ಬಿಡಿ ಅಧ್ಯಕ್ಷರೇ, ಅವಳಿ ಆದಾವು!"