ಹಳ್ಳದಾಚೆಯ ಲಾರಿಗಳು

ಪಿಂಗಾಣಿ ಜಾಡಿ ಕಾರ್ಖಾನೆಯ ಗುಮಾಸ್ತೆ ಸಾವಂತ್ರವ್ವನಿಗೆ ದುಂಡಪ್ಪ ಸಾವ್ಕಾರರ ಕಾಟ ಸಾಕಾಗಿತ್ತು. ಊರಿಗೆಲ್ಲ ಲಾರಿ ಇದ್ದದ್ದು ಅವರೊಬ್ಬರದೇ. ಅದು ಮನಸ್ಸು ಬಂದಾಗ ಬರುತ್ತಿತ್ತು. ಸುಟ್ಟ ಜಾಡಿಗಳು ಅಂಗಳ ತುಂಬಿ, ಇಡಲು ಜಾಗವಿಲ್ಲದೆ ಭಟ್ಟಿಯೇ ಆರಿತು. ಕೆಲಸಗಾರರು ಕೈಕಟ್ಟಿ ಕೂತರು.

“ಹೊರಗಿನ ಲಾರಿ ಹಳ್ಳ ದಾಟಿ ನಮ್ಮೂರಿಗೆ ಬಂದ್ರ ಗಾಲಿ ಬಿಚ್ಚತೇನಿ!” ಎಂದು, ಪರವೂರಿನ ಲಾರಿ ತರಿಸುವ ಮಾತು ಕಿವಿಗೆ ಬಿದ್ದ ಸಾವ್ಕಾರರು ಗುಡುಗಿದರು.

“ಲಾರಿ ಹಳ್ಳ ದಾಟಬಾರದು, ಅಷ್ಟ ಹೌದಲ್ರಿ?” ಅಂದಳು ಸಾವಂತ್ರವ್ವ.

“ಅಷ್ಟ!”

ಮರುದಿನ ಜಾಡಿಗಳೇ ಎತ್ತಿನ ಗಾಡಿ ಹತ್ತಿ ಹಳ್ಳ ದಾಟಿದವು. ಆಚೆ ದಂಡೆಯಲ್ಲಿ ಪರವೂರಿನ ಲಾರಿಗಳು ಸಾಲಾಗಿ ನಿಂತಿದ್ದವು. ಅಂಗಳ ಬರಿದಾಯಿತು, ಭಟ್ಟಿ ಹೊತ್ತಿತು, ಮತ್ತೆ ಆರಲಿಲ್ಲ. ಭಟ್ಟಿಯವರು ಸಾವಂತ್ರವ್ವನಿಗೆ ಕೈಮುಗಿದರು.

ಸಾವ್ಕಾರರು ಉರಿದುಬಿದ್ದು ಓಡಿಬಂದರು. ಹಳ್ಳದ ಈಚೆ ಹೊರಗಿನ ಲಾರಿ ಒಂದೂ ಇಲ್ಲ. ಯಾವ ಗಾಲಿ ಬಿಚ್ಚುವುದು? ವಾರದೊಳಗೆ ಅವರ ಲಾರಿ, ಜಾಡಿ ಒಡೆಯದಂತೆ ಹುಲ್ಲು ಹಾಸಿಕೊಂಡು, ಬೆಳಗಾಗುವ ಮೊದಲೇ ಗೇಟಿಗೆ ಬಂದು ನಿಂತಿತು.

ಸಾವಂತ್ರವ್ವ ಹೊಸ ಜಾಡಿಯೊಂದನ್ನು ಅವರ ಕೈಗಿಟ್ಟಳು. “ನಿಮ್ಮ ಉಪಕಾರ ಮರೆಯಂಗಿಲ್ರಿ. ನೀವು ಹಳ್ಳ ತೋರಿಸದಿದ್ರ ನಾವು ಆಚೆ ನೋಡ್ತಿರಲಿಲ್ಲ.”

ಸಾವ್ಕಾರರು ಜಾಡಿಯ ಒಳಗೆ ಇಣುಕಿ ನಕ್ಕುಬಿಟ್ಟರು. “ಉಪ್ಪಿನಕಾಯಿನೂ ತುಂಬಿಕೊಟ್ಟಿದ್ರ ನಾನೂ ನಿನ್ನ ಉಪಕಾರ ನೆನೀತಿದ್ದೆನವ್ವಾ!”